ಕೊನೆಯವರ ಹಿಂದೆ

ಅವಳ ಎಡ ಹಿಮ್ಮಡಿ ನೆಲಕ್ಕೆ ತಾಗುವಾಗ ತುಸು ಒಳಕ್ಕೆ ಹೊರಳುತ್ತಿತ್ತು. ಗೊಡಚಿನಮಲ್ಕಿ ದಾಟಿದಾಗಿನಿಂದ ಗುರುಪಾದ ಅದನ್ನೇ ನೋಡುತ್ತ ಬಂದಿದ್ದ. ಬೂಟಿನ ಅಂಚಿಗೆ ಸರಿಯಾಗಿ ಕಾಲುಚೀಲದ ಮೇಲೆ ಒಂದು ಕಲೆ ಮೂಡಿತ್ತು. ಮೊದಲು ಕೆಂಪಗಿದ್ದದ್ದು ಈಗ ಧೂಳು ಕೂತು ಕಂದಾಗಿತ್ತು, ಅಂದರೆ ಬೊಬ್ಬೆ ಒಡೆದು ಬಹಳ ಹೊತ್ತಾಗಿರಬೇಕು. ನೋವಿರುವ ಕಾಲಿನ ಮೇಲೆ ಯಾರೇ ಆಗಲಿ ಕಡಿಮೆ ಹೊತ್ತು ನಿಲ್ಲುತ್ತಾರೆ. ನೇತ್ರಾ ಎರಡೂ ಕಾಲುಗಳ ಮೇಲೆ ಸಮನಾಗಿ ನಿಲ್ಲುತ್ತಿದ್ದಳು. ಇದು ಅವನಿಗೆ ಕಿರಿಕಿರಿಯಾಯಿತು. ತನಗೆ ಗೊತ್ತಾಗಬಾರದೆಂದೇ ಅವಳು ಹೀಗೆ ನಡೆಯುತ್ತಿದ್ದಾಳೆ, ಹಿಂದೆ ಬೇರೆ ಯಾರಾದರೂ ಇದ್ದಿದ್ದರೆ ಕುಂಟುತ್ತಿದ್ದಳು, ಹಾಗಾದರೆ ಅವಳ ನೋವು ಹೆಚ್ಚುತ್ತಿರುವುದು ತಾನು ಹಿಂದೆ ಇರುವುದರಿಂದ ಎಂಬಲ್ಲಿಗೆ ಯೋಚನೆ ಬಂದು ನಿಂತಿತು. ಅದರಲ್ಲಿ ಒಂದು ಬಗೆಯ ಸುಖವಿತ್ತು. ಸುಖವೆಂದು ಗೊತ್ತಾದ ಕೂಡಲೇ ಅವನು ಬಗ್ಗಿ, ಕವಳಿಯ ಮುಳ್ಳುಕಂಟಿಗೆ ಕಟ್ಟಿದ್ದ ಹಳದಿ ಪಟ್ಟಿಯ ಗಂಟನ್ನು ಬಿಚ್ಚತೊಡಗಿದ.

ಪಟ್ಟಿ ಬಿಚ್ಚುವುದು ಈ ಹೊತ್ತಿನ ಅವನ ಕೆಲಸ. ಓಟ ನಸುಕಿನಲ್ಲಿ ಹುಕ್ಕೇರಿಯ ಗುಮ್ಮಟಗಳ ಮುಂದೆ ಶುರುವಾಗಿತ್ತು. ಹಿಡಕಲ್ ಆಣೆಕಟ್ಟಿನ ಮಗ್ಗುಲಿಂದ ಗುಡ್ಡಗಳ ಬೆನ್ನು ಹತ್ತಿ, ಗೊಡಚಿನಮಲ್ಕಿಯ ಜಲಪಾತ ಬಳಸಿ, ಯೋಗಿಕೊಳ್ಳದ ಕಣಿವೆಗೆ ಇಳಿದು, ಗೋಕಾಕ ಫಾಲ್ಸಿನ ತೂಗುಸೇತುವೆಯ ಹತ್ತಿರ ಮುಗಿಯುತ್ತಿತ್ತು. ಐವತ್ತು ಕಿಲೋಮೀಟರ್ ಉದ್ದಕ್ಕೂ ದಾರಿ ತೋರಿಸಲು ಕಂಟಿಗೆ, ಕಲ್ಲಿಗೆ, ಬೇಲಿಗೆ ಪಟ್ಟಿಗಳನ್ನು ಕಟ್ಟಿದ್ದರು. ಕಾಡಿನಲ್ಲಿ ಪ್ಲಾಸ್ಟಿಕ್ ಬೇಡವೆಂದು ಅರಿಷಿಣ ಬಣ್ಣದ ಅರಿವೆ ಹರಿದು ಮಾಡಿದ ಪಟ್ಟಿಗಳು. ಕೊನೆಯ ಓಟಗಾರ ದಾಟಿದ ಮೇಲೆ ಅವನ ಹಿಂದೆ ಒಬ್ಬ ಸ್ವೀಪರ್ ಬರಬೇಕು, ಒಂದೊಂದೇ ಪಟ್ಟಿ ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳುತ್ತ; ಅವನು ಹೋದ ಮೇಲೆ ಗುಡ್ಡದಲ್ಲಿ ಓಟ ನಡೆದಿತ್ತೆಂಬ ಗುರುತೇ ಉಳಿಯಬಾರದು. ಮೂಡಲಗಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಗುರುಪಾದನಿಗೆ ಈ ಕೆಲಸ ಕೊಡುವಾಗ ಸಂಘಟಕರು, 'ಸರ, ನಿಮ್ಮಷ್ಟು ಕಟ್ಟುನಿಟ್ಟ ಯಾರೂ ಇಲ್ರಿ' ಎಂದಿದ್ದರು. ನಿಮ್ಮ ಮೊಣಕಾಲು ಕೆಟ್ಟಿದೆ, ನೀವು ಓಡಲಾರಿರಿ ಎಂಬುದನ್ನು ಅವರು ಮರ್ಯಾದೆಯಿಂದ ಹೇಳಿದ್ದು ಹಾಗೆ. ಕಾಲೇಜು ದಿನಗಳಲ್ಲಿ ಅವನು ಧಾರವಾಡದ ಮೈದಾನದಲ್ಲಿ ಓಡಿದವನು. ಅದನ್ನು ಈಗ ಯಾರೂ ಕೇಳುವುದಿಲ್ಲ. ಈಗ ಬೆಳಗಿನ ಹೊತ್ತು ಹಾಲಿನ ಅಂಗಡಿಯ ಮುಂದೆ ನಿಂತವರು, 'ಏನ್ರಿ ಸರ, ಬಾಯಾರು ಇವತ್ತ ಎಷ್ಟ ಓಡಿದ್ರು?' ಎಂದು ಅವನ ಹೆಂಡತಿಯ ಬಗ್ಗೆ ಕೇಳುತ್ತಾರೆ.

ಮುಂಜಾನೆ ಅವನ ಮುಂದಿದ್ದ ಕೊನೆಯ ಬೆನ್ನು ನೇತ್ರಾಳದಾಗಿರಲಿಲ್ಲ. ಕಣಗಲಾ ಊರಿನ ಬೀರಸಿದ್ದಪ್ಪ ಎಂಬ ನಿವೃತ್ತ ಬಸ್ ಕಂಡಕ್ಟರ್, ಹೆಜ್ಜೆಗೊಮ್ಮೆ ಹಿಂತಿರುಗಿ ಮಾತಾಡುತ್ತ, ಮೊಮ್ಮಗಳ ಟೊಪ್ಪಿಗೆ ಹಾಕಿಕೊಂಡು ನಡೆಯುತ್ತಿದ್ದ. ಗೊಡಚಿನಮಲ್ಕಿಯಲ್ಲಿ ಅವನು ಬಂಡೆಯ ಮೇಲೆ ಕೂತು ಬೂಟು ಕಳಚಿದ. 'ನನ್ನ ಸ್ಟಾಪ್ ಬಂತ್ರಿ ಸರ. ಇನ್ನ ಮುಂದ ಮನಿಯವರ ಅದಾರ, ನೀವು ನೀವು ನೋಡ್ಕೋರ್ರಿ' ಎಂದು ನಕ್ಕ. ಗುರುಪಾದ ತಲೆ ಎತ್ತಿದಾಗ ದೂರದ ಏರಿನಲ್ಲಿ ಅವಳೊಬ್ಬಳೇ ಕಂಡಿದ್ದಳು, ನೀಲಿ ಅಂಗಿ, ಬೆನ್ನಿಗಂಟಿದ ನೀರಿನ ಚೀಲ, ಎಣ್ಣೆ ಹಚ್ಚಿ ಬಿಗಿದ ಜಡೆ. ಮನೆಯಲ್ಲಿ ಇಪ್ಪತ್ತು ವರ್ಷ ನೋಡಿದ ಬೆನ್ನು. ಆದರೂ ಇಷ್ಟು ದೂರದಿಂದ, ಇಷ್ಟು ಹೊತ್ತು, ಅವಳಿಗೆ ಗೊತ್ತಿದ್ದೂ ತಡೆಯಲಾಗದಂತೆ, ಅವನು ಅವಳನ್ನು ಯಾವತ್ತೂ ನೋಡಿರಲಿಲ್ಲ. ಅವನ ಎದೆಯೊಳಗೆ ಏನೋ ಒಂದು ಸರಿಯಾಗಿ ತನ್ನ ಜಾಗಕ್ಕೆ ಬಂದು ಕೂತಂತಾಯಿತು.

ಸಂಜೆ ನಾಲ್ಕು ಗಂಟೆಯೊಳಗೆ ಯೋಗಿಕೊಳ್ಳದ ತಪಾಸಣೆ ಠಾಣೆ ಮುಟ್ಟದವರನ್ನು ಓಟದಿಂದ ತೆಗೆಯುತ್ತಿದ್ದರು. ಹೋದ ವರ್ಷ ಅವಳನ್ನು ಅಲ್ಲಿಯೇ ತೆಗೆದಿದ್ದರು. ಜೀಪಿನಲ್ಲಿ ಕೂತು ಬಂದವಳನ್ನು ಅವನು ಫಾಲ್ಸಿನ ಹತ್ತಿರ ಕಾದು ಮನೆಗೆ ಕರೆದುಕೊಂಡು ಹೋಗಿದ್ದ. ಅವಳು ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದಳು, ಅವನು ಪೆಟ್ರೋಲಿನ ಧಾರಣೆಯ ಬಗ್ಗೆ ಮಾತಾಡಿದ್ದ. ವಾರವಾದ ಮೇಲೆ ಮಮದಾಪುರದಲ್ಲಿ, ಅವಳ ತವರಿನಲ್ಲಿ, ಅವಳ ತಂಗಿ ದಾನೇಶ್ವರಿಯ ಬಸುರಿನ ಕುಬಸ. ಹಸಿರು ಬಳೆ, ಹೂವಿನ ಜಡೆ, ಕಡಬಿನ ಊಟ. ಗಂಡಸರ ಪಂಕ್ತಿಯಲ್ಲಿ ಯಾರೋ, 'ಅಕ್ಕಾರ ಓಟ ಏನಾತ್ರಿ?' ಎಂದರು. ಗುರುಪಾದ ತುಪ್ಪ ಹಾಕಿಸಿಕೊಳ್ಳುತ್ತ, 'ಜೀಪಿನ್ಯಾಗ ಬಂದವರೊಳಗ ನಮ್ಮ ಮನಿಯವರ ಫಸ್ಟ್' ಎಂದಿದ್ದ. ಇಡೀ ಪಂಕ್ತಿ ನಕ್ಕಿತು. ತುಪ್ಪದ ಗಿಂಡಿ ಹಿಡಿದು ಬಡಿಸುತ್ತಿದ್ದವಳು ನೇತ್ರಾಳೇ ಎಂಬುದು ಅವನಿಗೆ ಗೊತ್ತಿರಲಿಲ್ಲವೆಂದು ಅವನು ಆಮೇಲೆ ತನಗೆ ತಾನೇ ಹೇಳಿಕೊಂಡಿದ್ದಾನೆ. ಗೊತ್ತಿತ್ತು. ಕೈಯ ಬಳೆ ಕಂಡಿತ್ತು. ಅವಳೂ ನಕ್ಕಳು, 'ಇನ್ನಷ್ಟ ಹಾಕ್ಲೇನ್ರಿ?' ಎಂದು ಕೇಳಿದಳು, ಹಾಕಿದಳು. ಆ ರಾತ್ರಿ ಅಲ್ಲ, ಮರುದಿನವೂ ಅಲ್ಲ, ಯಾವತ್ತೂ ಅವಳು ಆ ಮಾತು ಎತ್ತಲಿಲ್ಲ. ನಸುಕಿನಲ್ಲಿ ಓಡಲು ಹೊರಟವಳು ಚಿಲಕ ತೆಗೆಯುವ ಸದ್ದು ಮಾತ್ರ ಮೊದಲಿಗಿಂತ ಮೆಲ್ಲಗಾಯಿತು.

ಓಡಲು ಶುರು ಮಾಡಿದ ಹೊಸದರಲ್ಲಿ ಅವಳು ಎಲ್ಲವನ್ನೂ ಕೇಳುತ್ತಿದ್ದಳು. ಎಷ್ಟು ನೀರು, ಯಾವ ಬೂಟು, ಏರಿನಲ್ಲಿ ಹೆಜ್ಜೆ ಎಷ್ಟು ಉದ್ದ. ಅವನು ಪ್ರಯೋಗಶಾಲೆಯ ಸ್ಟಾಪ್‌ವಾಚ್ ತಂದು ಅವಳ ನಾಡಿ ಹಿಡಿದು ಎಣಿಸಿದ್ದ. ಅವಳ ಮಣಿಕಟ್ಟು ಅವನ ಬೆರಳುಗಳ ನಡುವೆ ಬೆಚ್ಚಗೆ ಬಡಿದುಕೊಳ್ಳುತ್ತಿತ್ತು, ಅವಳು ತಪ್ಪು ಮಾಡಿದ ಹುಡುಗಿಯ ಹಾಗೆ ಮುಖ ನೋಡುತ್ತ ಕೂತಿದ್ದಳು. ಅಂಥ ನಾಲ್ಕಾರು ಸಂಜೆಗಳು ಅವನ ಮಟ್ಟಿಗೆ ಆ ಮದುವೆಯ ಅತ್ಯಂತ ಒಳ್ಳೆಯ ಸಂಜೆಗಳು. ಕುಬಸದ ನಂತರ ಕೇಳುವುದು ನಿಂತಿತು. ಬೂಟು ಅವಳೇ ತಂದಳು, ಅದೂ ಸರಿಯಾದ ಅಳತೆಯದು. ಅವನು ಒಂದೆರಡು ಸಲ ತಾನಾಗಿಯೇ ಹೇಳಿ ನೋಡಿದ, 'ಹಿಮ್ಮಡಿ ಒಳಗ ಹೊಳ್ಳತೈತಿ ನಿಂದು.' ಅವಳು, 'ಹೌದೇನ್ರಿ' ಎಂದಳು, ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದಳು. ಜಗಳವಾಗಿದ್ದರೆ ಸುಲಭವಿತ್ತು.

ಬಿಸಿಲು ಪಡುವಣಕ್ಕೆ ವಾಲಿ, ಗುಡ್ಡದ ಬಾದೆ ಹುಲ್ಲು ತಾಮ್ರದ ತಂತಿಯ ಹಾಗೆ ಹೊಳೆಯುತ್ತಿತ್ತು. ಎಡಕ್ಕೆ ಕಣಿವೆ, ಅದರಾಚೆ ಮರಳುಗಲ್ಲಿನ ಪದರುಗಳು ಯಾರೋ ಜೋಡಿಸಿಟ್ಟ ಹಾಗೆ, ಒಂದರ ಮೇಲೊಂದು. ಒಂದೊಂದು ಪದರೂ ಒಂದು ಕಾಲದ ತೆರೆ ತಂದು ಹಾಕಿದ ಉಸುಕು. ಬೇರೆ ದಿನವಾಗಿದ್ದರೆ ಅವನು ಯಾರಿಗಾದರೂ ಹೇಳುತ್ತಿದ್ದ. ಈಗ ಅವನು ಗಡಿಯಾರ ನೋಡಿದ, ಉಳಿದ ದಾರಿಯನ್ನು ಅವಳ ವೇಗದಿಂದ ಭಾಗಿಸಿದ. ಮುಟ್ಟುತ್ತಾಳೆ. ಸ್ವಲ್ಪ ಹೊತ್ತು ಉಳಿಸಿಕೊಂಡೇ ಮುಟ್ಟುತ್ತಾಳೆ. ಲೆಕ್ಕ ಇನ್ನೊಮ್ಮೆ ಮಾಡಿದ, ಅದೇ ಬಂತು. ಸಂತೋಷಪಡಬೇಕೆಂದು ಕಾದ. ಬದಲಿಗೆ ಸೇತುವೆಯ ಹತ್ತಿರ ಜನ ಚಪ್ಪಾಳೆ ಹೊಡೆಯುವುದು, ದಾನೇಶ್ವರಿ ಕೂಸನ್ನು ಎತ್ತಿಕೊಂಡು ಕೂಗುವುದು, ಫೋಟೋ, ಆ ಫೋಟೋದ ಅಂಚಿನಲ್ಲಿ ಹೊಲಸು ಪಟ್ಟಿಗಳ ಚೀಲ ಹೊತ್ತು ನಿಂತ ತಾನು ಕಂಡ. ಒಂದು ಸಲ, ಒಂದೇ ಒಂದು ಸಲ ಅವಳು ತಿರುಗಿ, 'ರೀ, ಆಗತೈತೇನ್ರಿ ನನ್ನ ಕಡಿಂದ?' ಎಂದು ಕೇಳಿದರೆ ಸಾಕು. ಆಗತೈತಿ, ಹಿಂಗ ನಡಿ, ಉಸಿರು ಹಿಂಗ ಬಿಡು ಎಂದು ಅವನು ಹೇಳುತ್ತಿದ್ದ. ಹಾಗೆ ಕೇಳಿಸಿಕೊಂಡು ಅವಳು ಗೆದ್ದರೆ ಅವನಿಗೇನೂ ತಕರಾರಿರಲಿಲ್ಲ.

ಸ್ವಲ್ಪ ಮುಂದೆ ದಾರಿ ಎರಡಾಗಿತ್ತು. ಎಡಕ್ಕೆ ಇಳಿಯುವುದು ಯೋಗಿಕೊಳ್ಳಕ್ಕೆ. ಬಲಕ್ಕೆ ಹೋಗುವುದು ಒಂದು ಸಣ್ಣ ಹಳ್ಳ ಇಳಿದು, ಆಚೆಯ ದಿಬ್ಬ ಹತ್ತಿ, ಲಗಮವ್ವನ ಕಟ್ಟೆಗೆ. ಅಲ್ಲಿಗೆ ಅದು ಮುಗಿಯುತ್ತದೆ. ಕಟ್ಟೆಯ ಮೇಲೆ ಒಂದು ಬೇವಿನ ಗಿಡ. ಗಿಡದ ತುಂಬ ಹರಕೆಯ ಅರಿವೆ ತುಂಡುಗಳು ಯಾವಾಗಲೂ ಇರುತ್ತವೆ, ಮಾಸಿದವು, ಹರಿದವು. ಇವತ್ತು ಅವುಗಳ ನಡುವೆ ಹೊಸ ಹಳದಿ ಪಟ್ಟಿಗಳು ಗೊಂಚಲಾಗಿ ಹಾರಾಡುತ್ತಿದ್ದವು. ಓಟದ ಪಟ್ಟಿಗಳೇ. ಅದು ಗುರುಪಾದನಿಗೆ ಒಂದೇ ನೋಟಕ್ಕೆ ತಿಳಿಯಿತು. ಮುಂದಿನವರು ದಾಟಿದ ಮೇಲೆ ಯಾರೋ ಇವನ್ನು ಕಿತ್ತು ಅಲ್ಲಿ ಕಟ್ಟಿದ್ದಾರೆ. ಎಡದ ದಾರಿಯ ಬಾಯಲ್ಲಿ, ಮೊಣಕಾಲೆತ್ತರದ ಕಂಟಿಯೊಂದರ ಒಳಗೆ, ಒಂದೇ ಒಂದು ಪಟ್ಟಿ ಕೀಳದೆ ಉಳಿದಿತ್ತು. ತಲೆ ಎತ್ತಿ ನಡೆಯುವವರಿಗೆ ಅದು ಕಾಣುವಂತಿರಲಿಲ್ಲ. ನೇತ್ರಾ ಕವಲಿನಲ್ಲಿ ನಿಂತಳು. ಬಲಕ್ಕೆ ನೋಡಿದಳು. ಗಾಳಿಗೆ ಆ ಹಳದಿಯೆಲ್ಲ ಒಮ್ಮೆ ಎದ್ದು ಕೂತಿತು. ಅವಳು ಬಲಕ್ಕೆ ಇಳಿದಳು.

ಅವನು ಬಾಯಿ ತೆರೆದ. ಕೂಗಿದರೆ ಕೇಳುವಷ್ಟು ಹತ್ತಿರವೇ ಇದ್ದಳು. ಪ್ರಯೋಗಶಾಲೆಯಲ್ಲಿ ಹುಡುಗರು ತಂತಿಯನ್ನು ತಪ್ಪು ತುದಿಗೆ ಜೋಡಿಸುವಾಗ ಅವನು ಹಿಂದೆ ನಿಂತಿರುತ್ತಾನೆ, ಕೈ ಕಟ್ಟಿಕೊಂಡು. ಹೇಳುವುದಿಲ್ಲ. ಮೀಟರಿನ ಮುಳ್ಳು ತಟಕ್ಕನೆ ತಪ್ಪು ದಿಕ್ಕಿಗೆ ಹೊಡೆದಾಗ ಹುಡುಗ ಬೆಚ್ಚಿ ತಿರುಗುತ್ತಾನೆ, ಆಗ ಅವನ ಮುಖದಲ್ಲಿ ಬರುವ ಒಂದು ಭಾವವಿದೆ, ಅಳುವುದಕ್ಕೂ ಕೇಳುವುದಕ್ಕೂ ನಡುವಿನದು. ಆ ಮುಖಕ್ಕೆ ಕಲಿಸಿದ್ದು ಮರೆಯುವುದಿಲ್ಲ ಎಂದು ಅವನು ಸ್ಟಾಫ್ ರೂಮಿನಲ್ಲಿ ಹೇಳುತ್ತಾನೆ. ಅವಳು ಇನ್ನು ನಾಲ್ಕು ಹೆಜ್ಜೆಗೆ ತಿರುಗುತ್ತಾಳೆ, ಅನುಮಾನ ಬಂದೇ ಬರುತ್ತದೆ, ತಿರುಗಿದ ಕೂಡಲೇ ಹೇಳುತ್ತೇನೆ ಎಂದುಕೊಂಡ. ಸ್ವೀಪರ್ ಆದವನು ಓಟಗಾರರಿಗೆ ನೆರವಾಗಬಾರದೆಂದು ನಿಯಮವೂ ಇತ್ತು. 'ಗಂಡ ಅಂತ ಕೈ ಹಿಡದ ದಾಟಸಬ್ಯಾಡ್ರಿ ಮತ್ತ' ಎಂದು ಮುಂಜಾನೆ ಎಲ್ಲರೆದುರು ಯಾರೋ ಚೇಷ್ಟೆ ಮಾಡಿದ್ದರು. ದಾರಿ ತಪ್ಪಿದವರನ್ನು ಕರೆಯುವುದು ನೆರವಲ್ಲ, ಅದೇ ಸ್ವೀಪರನ ಕೆಲಸ, ಇದು ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅವಳು ಹಳ್ಳಕ್ಕೆ ಇಳಿದಳು. ಜಡೆಯ ತುದಿ ಕಲ್ಲುಗಳ ಹಿಂದೆ ಮರೆಯಾಯಿತು. ಅವಳು ತಿರುಗಲಿಲ್ಲ.

ಆಗ ಅವನು ಕಂಟಿಯ ಹತ್ತಿರ ಹೋದ. ಕೊನೆಯವರು ದಾಟಿದ ಮೇಲೆ ಪಟ್ಟಿ ಬಿಚ್ಚಬೇಕು, ಅವಳು ಕೊನೆಯವಳು, ಅವಳು ಈ ಜಾಗ ದಾಟಿದ್ದಾಳೆ. ವಾಕ್ಯಗಳು ಒಂದರ ಹಿಂದೊಂದು ಸರಿಯಾಗಿ ಬಂದವು. ಗಂಟು ಇಬ್ಬನಿಗೆ ನೆನೆದು ಆಮೇಲೆ ಒಣಗಿ ಗಟ್ಟಿಯಾಗಿತ್ತು, ಉಗುರು ಹಾಕಿ ಬಿಚ್ಚಬೇಕಾಯಿತು. ಕಂಟಿಯ ಮುಳ್ಳು ಬೆರಳಿಗೆ ತಾಗಿ ರಕ್ತ ಬಂತು. ಅವನು ಬೆರಳನ್ನು ಬಾಯಲ್ಲಿಟ್ಟುಕೊಂಡು, ಪಟ್ಟಿಯನ್ನು ಚೀಲಕ್ಕೆ ಹಾಕದೆ ಕೈಯಲ್ಲೇ ಹಿಡಿದು, ಬಂಡೆಯ ಮೇಲೆ ಕೂತ. ಮೊಣಕಾಲಿಗೆ ಆರಾಮವೆನಿಸಿತು.

ಹಳ್ಳದ ಆಚೆಯಿಂದ ಮಾತು ಕೇಳಿತು. ಆಡು ಕಾಯುವ ಕರೆವ್ವ. ಈ ಗುಡ್ಡದಲ್ಲಿ ತಿರುಗುವವರಿಗೆಲ್ಲ ಗೊತ್ತಿರುವ ದನಿ, ಎದುರಿಗಿದ್ದವರ ಜೊತೆ ಮಾತಾಡಿದರೂ ಅರ್ಧ ಮೈಲಿಗೆ ಕೇಳಿಸುತ್ತದೆ.

'ಎಲ್ಲಿಗೆ ಹೊಂಟೀ ನನ ತಂಗಿ? ಇಲ್ಲಿಂದ ಮುಂದ ಹಾದಿ ಇಲ್ಲ.'

ನೇತ್ರಾಳ ದನಿ ಸಣ್ಣದಾಗಿ ಬಂತು. 'ಪಟ್ಟಿ ಕಟ್ಟ್ಯಾರಲ್ಲಬೇ ಇಲ್ಲೆ?'

'ಅವು ನಾನ ಕಟ್ಟೇನಿ! ಯಾರೋ ಹುಚಮುಂಡೇವು, ಹರಕಿ ಹೊತ್ತವರು, ಅವ್ವನ ಗಿಡ ಯಾವುದು ಅಂತ ಗೊತ್ತಿಲ್ಲದ ಕಂಟಿಗೆಲ್ಲ ಕಟ್ಟಿ ಹೋಗ್ಯಾರ. ಕಂಟಿಗೆ ಕಟ್ಟಿದ್ರ ಮುಟ್ಟತೈತೇನು? ಆಡು ತಿಂದ್ರ ಮತ್ತ ನನಗ ಪಾಪ. ಅದಕ್ಕ ಈಗ ಒಂದ ಗಳಿಗಿ ಹಿಂದ ಬಿಚ್ಚಕೊಂಡ ಬಂದು ಅವ್ವಗ ಮುಟ್ಟಿಸೇನಿ. ನಿಂದೂ ಒಂದ ಇತ್ತೇನ ಅದರಾಗ?'



'ಇತ್ತಬೇ' ಎಂದಳು ನೇತ್ರಾ.

'ಮುಟ್ಟೈತಿ ಬಿಡ. ಕೈ ಮುಗದ ಹೋಗು.'

ಅವಳು ಕೈ ಮುಗಿದಳೋ ಇಲ್ಲವೋ ಅವನಿಗೆ ಕಾಣಲಿಲ್ಲ. ಹಳ್ಳದಿಂದ ಮೇಲೆ ಬರುವಾಗ ಮೊದಲು ಅವಳ ಉಸಿರು ಬಂತು, ಆಮೇಲೆ ತಲೆ, ಆಮೇಲೆ ಬೆವರಿಗೆ ಉಪ್ಪುಗಟ್ಟಿದ ಮುಖ. ಕವಲಿಗೆ ಬಂದು ಅವಳು ಎಡದ ದಾರಿಯ ಬಾಯನ್ನು ಹುಡುಕಿದಳು. ಕಲ್ಲು ನೋಡಿದಳು, ಕಂಟಿ ನೋಡಿದಳು, ಬಗ್ಗಿ ಕಂಟಿಯೊಳಗೂ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಆಗ ಅವಳ ಕಣ್ಣು ಬಂಡೆಯ ಮೇಲೆ ಕೂತ ಅವನ ಕೈಗೆ ಬಂತು. ದಿನದಲ್ಲಿ ಮೊದಲನೆಯ ಸಲ ಅವಳು ಅವನನ್ನು ನೇರ ನೋಡಿದಳು.

'ಇಲ್ಲೆ ಒಂದಿತ್ತೇನ್ರಿ?'

'ಹ್ಞೂಂ.'

'ನಾ ಆ ಕಡೆ ಇಳಿಯೂದು ಕಂಡಿತ್ತೇನು?'

'ನೀ ಹೊಳ್ಳಿ ನೋಡ್ತಿ ಅಂತ ಮಾಡಿದ್ದೆ' ಎಂದ. ಆಡಿದ ಮೇಲೆ, ಅದು ಸುಳ್ಳಲ್ಲವೆಂಬುದೇ ಅದರ ಕೆಟ್ಟತನ ಎಂದು ಅವನಿಗೆ ಅನಿಸಿತು. ಅವಳು ಇನ್ನೇನಾದರೂ ಹೇಳುತ್ತಾಳೆ, ಬೈಯುತ್ತಾಳೆ, ಅಳುತ್ತಾಳೆ ಎಂದು ಅವನು ಕಾದ. ಅವಳು ಬೆನ್ನಿನ ಚೀಲದ ನೀರಿನ ನಳಿಗೆ ಬಾಯಿ ಹಾಕಿ ಒಂದು ಗುಟುಕು ಕುಡಿದಳು. ಆಮೇಲೆ ಓಡಿದಳು.

ಅವಳಿಗೆ ಹೀಗೆ ಓಡಲು ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಅದು ಅವನು ಹೇಳಿಕೊಟ್ಟ ಓಟವಾಗಿರಲಿಲ್ಲ. ತೋಳು ಅಗಲಿಸಿ, ಬಂಡೆಯಿಂದ ಬಂಡೆಗೆ, ಕಾಲು ಎಲ್ಲಿ ಬೀಳುತ್ತದೆಂದು ನೋಡದೆ, ಇಳುಕಲಿನಲ್ಲಿ ಬಿಟ್ಟ ಕಲ್ಲಿನ ಹಾಗೆ ಇಳಿದಳು. ಗಟ್ಟಿ ಕಾಲಿನವನಾದರೂ ಹಿಂಬಾಲಿಸಲಾರದ ಇಳಿಜಾರು. ಅವನು ಪ್ರತಿ ಪಟ್ಟಿಗೂ ನಿಂತು, ಬಿಚ್ಚಿ, ಮೊಣಕಾಲನ್ನು ಕೈಯಿಂದ ಒತ್ತಿಕೊಂಡು ಇಳಿಯುತ್ತಿದ್ದ. ಒಂದು ತಿರುವಿನಲ್ಲಿ ಅವಳು ಬಿದ್ದ ಗುರುತಿತ್ತು, ಜಾರಿದ ಉಸುಕು, ಕಲ್ಲಿಗೆ ಮೆತ್ತಿದ ಒದ್ದೆ. ಅವಳು ಅಲ್ಲಿ ಇರಲಿಲ್ಲ. ಮುಟ್ಟಲಿ, ಮುಟ್ಟಲಿ ಎಂದು ಅವನು ಹಲ್ಲು ಕಚ್ಚಿಕೊಂಡು ಅನ್ನತೊಡಗಿದ. ಅವಳು ಮುಟ್ಟಿಬಿಟ್ಟರೆ ಕವಲಿನಲ್ಲಿ ಆದದ್ದು ಏನೂ ಆಗಿರುವುದಿಲ್ಲ. ಅದು ಅವಳಿಗಾಗಿ ಮಾಡಿದ ಪ್ರಾರ್ಥನೆಯಲ್ಲವೆಂಬುದೂ ಗೊತ್ತಾಯಿತು. ಗೊತ್ತಾಗುವುದು ಅವನನ್ನು ಯಾವತ್ತೂ ಯಾವುದರಿಂದಲೂ ತಡೆದಿರಲಿಲ್ಲ.

ಯೋಗಿಕೊಳ್ಳದ ಗುಡಿಯ ಕೆಳಗೆ ಬಟ್ಟೆಯ ಚಪ್ಪರ ಹಾಕಿ, ಮೇಜಿನ ಮೇಲೆ ಬಾಳೆಹಣ್ಣು, ಕರದಂಟಿನ ತುಂಡು, ನಿಂಬೆ ಪಾನಕ ಇಟ್ಟಿದ್ದರು. ಠಾಣೆಯ ಯಜಮಾನಿಕೆ ಖಂಡೆಪ್ಪನದು. ನಾಗನೂರ ಸಾಲಿಯ ಪಿ.ಟಿ. ಮಾಸ್ತರ, ಕೊರಳಲ್ಲಿ ಸೀಟಿ. ಗುರುಪಾದ ಕುಂಟುತ್ತ ಬಂದಾಗ ನೇತ್ರಾ ಮೇಜಿನ ಮುಂದೆ ಮೊಣಕಾಲಿಗೆ ಕೈಯೂರಿ ಬಗ್ಗಿ ನಿಂತಿದ್ದಳು. ಮೊಣಕೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಖಂಡೆಪ್ಪ ಗಡಿಯಾರ ನೋಡುತ್ತ, ಅವಳನ್ನು ನೋಡುತ್ತ, ತನ್ನದೇ ತಪ್ಪೆಂಬಂತೆ ತಲೆ ಕೆರೆದುಕೊಳ್ಳುತ್ತಿದ್ದ.

'ಭಾಳ ಇಲ್ರಿ ಸರ, ನಾಲ್ಕ ಹೊಡದ ಸ್ವಲ್ಪ ಹೊತ್ತಾಗೇತಿ' ಎಂದ ಗುರುಪಾದನಿಗೆ. 'ಲಗಮವ್ವನ ಹಂತೇಕ ಹಾದಿ ತಪ್ಪೇತಂತ. ಅಲ್ಲೆ ಪಟ್ಟಿ ಇದ್ದಿಲ್ಲೇನ್ರಿ? ಪಟ್ಟಿ ಇಲ್ಲದ ತಪ್ಪಿದ್ರ ಅಷ್ಟ ಟೈಮ್ ನಾವು ಹೊಳ್ಳಿ ಕೊಡೂದೈತಿ, ಕಾಯದೆ ಐತಿ. ಸ್ವೀಪರ್ ಒಂದ ಮಾತ ಹೇಳಿದ್ರ ಸಾಕು. ಅಕ್ಕಾರು ಈಗ ಹಿಂಗ ಹೋಗಿಬಿಡ್ತಾರ ನೋಡ್ರಿ, ಸೇತುವಿ ಎಷ್ಟ ದೂರ ಐತಿ!' ಹೇಳುತ್ತ ಹೇಳುತ್ತ ಅವನ ಮುಖ ಬೆಳಗಿತು. ಪಾನಕದ ಗ್ಲಾಸು ಹಿಡಿದ ಇಬ್ಬರು ಹುಡುಗಿಯರು, ಜೀಪಿಗೆ ಒರಗಿ ನಿಂತ ಡ್ರೈವರ್ ಗುಡ್ಡಪ್ಪ, ಎಲ್ಲರೂ ಗುರುಪಾದನತ್ತ ತಿರುಗಿದರು. ನೇತ್ರಾ ತಿರುಗಲಿಲ್ಲ. ಬಗ್ಗಿಕೊಂಡೇ ಇದ್ದಳು, ಬೆನ್ನು ಏರಿ ಇಳಿಯುತ್ತಿತ್ತು.

ಇಡೀ ದಿನ ಅವನು ಕಾದದ್ದು ಇದಕ್ಕೇ ಇರಬೇಕು. ಅವಳ ಗೆಲುವು ಅವನ ಬಾಯಲ್ಲಿತ್ತು. ಇಲ್ಲ ಎಂದರೆ ಸಾಕು. ಇದ್ದಿಲ್ಲ ಎನ್ನುವುದು ಸುಳ್ಳೂ ಅಲ್ಲ, ನೂರಕ್ಕೆ ತೊಂಬತ್ತು ಪಾಲು ನಿಜ. ಆದರೆ ಅವಳು ಈಗಲೂ ಕೇಳಲಿಲ್ಲ. ಆ ಬಗ್ಗಿದ ಬೆನ್ನು, 'ಹೇಳ್ರಿ' ಎಂದಷ್ಟೇ ಅಂದಿದ್ದರೆ. ಇಲ್ಲವೆಂದರೆ ಅವಳು ಓಡಿಬಿಡುತ್ತಾಳೆ, ಸೇತುವೆ, ಚಪ್ಪಾಳೆ, ಆ ಗೆಲುವಿನಲ್ಲಿ ತನ್ನ ಉಪಕಾರವಿದೆಯೆಂದು ತಾನೊಬ್ಬನೇ ತಿಳಿದುಕೊಂಡು ಮೂಲೆಯಲ್ಲಿ ನಿಲ್ಲಬೇಕು. ಅವಳಾದರೂ ಅದನ್ನು ಉಪಕಾರವೆನ್ನುವುದಿಲ್ಲ, ಅವಳು ಅವನ ಕೈ ನೋಡಿದ್ದಾಳೆ. ಅವನ ಗಂಟಲಲ್ಲಿ ತರಗತಿಯ ದನಿ ತಾನಾಗಿ ಬಂದು ನಿಂತಿತು.

'ಆಡು ಕಾಯೋಕಿ ಹರಕಿ ಅರಿವಿ ಅಂತ ತಿಳದು ಪಟ್ಟಿ ಬಿಚ್ಚಿ ಗಿಡಕ್ಕ ಕಟ್ಟ್ಯಾಳ.'

'ನೋಡ್ರಿ! ಅಂದ್ರ ಇದ್ದಿಲ್ಲ!' ಖಂಡೆಪ್ಪ ಕೈ ತಟ್ಟಿದ.

'ಕವಲಿನ್ಯಾಗ ಒಂದಿತ್ತು.'

ಖಂಡೆಪ್ಪನ ಕೈ ಗಾಳಿಯಲ್ಲೇ ಉಳಿಯಿತು. 'ಒಂದು... ಅದು ಕಾಣೂಹಂಗ ಇದ್ದಿಲ್ಲ ಬಿಡ್ರಿ ಸರ?' ಅದು ಪ್ರಶ್ನೆಯಾಗಿರಲಿಲ್ಲ, ಬೇಡಿಕೆ.

'ನನಗ ಕಂಡತು' ಎಂದ ಗುರುಪಾದ.

'ನಿಮಗ ಕಾಣದ ಏನ್ರಿ, ಅಣು ಪರಮಾಣು ಕಾಣೋ ಮಂದಿ ನೀವು' ಎಂದು ಖಂಡೆಪ್ಪ ನಗಲು ನೋಡಿದ. ಯಾರೂ ಜೊತೆಗೂಡಲಿಲ್ಲ. ಅವನು ನೇತ್ರಾಳ ಕಡೆ ಬಾಗಿ ದನಿ ತಗ್ಗಿಸಿದ. 'ಅಕ್ಕಾರ, ನೀವ ಹೇಳ್ರಿ. ನೀವು ಇಲ್ಲ ಅಂದ್ರ ನಾ ಬಿಡತೇನಿ. ಏನಾದ್ರೂ ಆಗ್ಲಿ.'

ಅವಳು ನೆಟ್ಟಗೆ ನಿಂತಳು. ಮುಖದಲ್ಲಿ ಸಿಟ್ಟಿರಲಿಲ್ಲ; ಬಹಳ ದಿನದಿಂದ ಗೊತ್ತಿದ್ದ ಒಂದು ಸುದ್ದಿಯನ್ನು ಯಾರೋ ಬಂದು ಹೇಳಿದ ಹಾಗೆ ಇತ್ತು. ಆ ಪಟ್ಟಿ ಅವನ ಕೈಯಲ್ಲಿ ಇದ್ದದ್ದನ್ನು ಅವಳು ಈಗ ಹೇಳುತ್ತಾಳೆ ಎಂದು ಗುರುಪಾದನ ಕಿವಿ ಬಿಸಿಯಾಯಿತು. ಹೇಳಿದರೆ ಅವನ ಮಾನ ಹೋಗುತ್ತಿತ್ತು, ಅವಳಿಗೆ ಓಟ ಸಿಗುತ್ತಿತ್ತು.

'ಅವರು ಸುಳ್ಳ ಹೇಳಾಂಗಿಲ್ರಿ' ಎಂದಳು. ಎದೆಯ ಮೇಲಿನ ನಂಬರಿನ ನಾಲ್ಕು ಪಿನ್ನುಗಳನ್ನು ಒಂದೊಂದಾಗಿ ತೆಗೆದು, ನಂಬರನ್ನು ಮೇಜಿನ ಮೇಲಿಟ್ಟು, ಹಾರಬಾರದೆಂದು ಅದರ ಮೇಲೊಂದು ಬಾಳೆಹಣ್ಣು ಇಟ್ಟಳು.

ಗುಡ್ಡಪ್ಪ ಜೀಪಿನ ಬಾಗಿಲು ತೆರೆದ. ಅವನಿಗೆ ಇದಾವುದೂ ಅಷ್ಟಾಗಿ ಅರ್ಥವಾಗಿರಲಿಲ್ಲ. 'ಬರ್ರಿ ಅಕ್ಕಾರ, ಹ್ವಾದ ವರ್ಷದ್ದ ಸೀಟು, ಹಂಗ ಇಟ್ಟೇನಿ' ಎಂದ. ಹುಡುಗಿಯರಲ್ಲೊಬ್ಬಳು ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು.

'ನಾ ನಡಕೋತ ಹೋಗತೇನ್ರಿ' ಎಂದಳು ನೇತ್ರಾ, ಚಪ್ಪರದ ಹೊರಗೆ ಬಂದು ಫಾಲ್ಸಿನ ದಾರಿ ಹಿಡಿದಳು. ಈಗ ಕುಂಟುತ್ತಿದ್ದಳು. ಎಲ್ಲರಿಗೂ ಕಾಣುವ ಹಾಗೆ, ಯಾವ ಮುಚ್ಚುಮರೆಯಿಲ್ಲದೆ.

ಗುರುಪಾದ ಅವಳ ಹಿಂದೆ ಹೆಜ್ಜೆ ಇಡುವಷ್ಟರಲ್ಲಿ ಖಂಡೆಪ್ಪ ತಡೆದ. ಅವನ ದನಿಯಲ್ಲಿ ಮೊದಲಿನ ಸಲುಗೆ ಇರಲಿಲ್ಲ. 'ನೀವು ಹಿಂದ ಹೋದ್ರ ಆಗಾಂಗಿಲ್ರಿ ಸರ. ಅವರು ಈಗ ಓಟದಾಗಿಲ್ಲ. ಓಟದಾಗಿನ ಕೊನೆಯವರು ಆಗಲೇ ಹೋಗ್ಯಾರ. ಅವರ ಹಿಂದಿನ ಪಟ್ಟಿ ಹೊತ್ತ ಮುಳಗೂದ್ರಾಗ ಬಿಚ್ಚಬೇಕು. ನೀವು ಅಕ್ಕಾರನ್ನ ದಾಟಿ ಮುಂದ ನಡೀರಿ. ಕಾಯದೆ ಅಂದ್ರ ಕಾಯದೆ, ನಿಮಗ ನಾ ಹೇಳಬೇಕೇನು.'

ಹೀಗೆ ಅವನು ಅವಳನ್ನು ದಾಟಿದ. ಕಾಲುದಾರಿ ಅಗಲವಿರಲಿಲ್ಲ, ದಾಟುವಾಗ ಅವಳ ಒದ್ದೆ ತೋಳು ಅವನ ತೋಳಿಗೆ ಸವರಿತು, ಅವಳು ಅಂಚಿಗೆ ಸರಿದು ಅಪರಿಚಿತರಿಗೆ ಬಿಡುವಂತೆ ದಾರಿ ಬಿಟ್ಟಳು. ಮೊದಲ ಪಟ್ಟಿ ಒಂದು ಬೇಲಿಯ ಗೂಟಕ್ಕಿತ್ತು. ಅವಳ ಕಣ್ಣೆದುರೇ ಬಿಚ್ಚಬೇಕು. ಬಿಚ್ಚಿದ. ಎರಡನೆಯದು ಕಲ್ಲಿಗೆ. ಬಿಚ್ಚಿದ. ಅವಳ ಹೆಜ್ಜೆ ಹಿಂದೆ ಬರುತ್ತಿತ್ತು, ಒಂದು ಗಟ್ಟಿ, ಒಂದು ಎಳೆತ, ಒಂದು ಗಟ್ಟಿ, ಒಂದು ಎಳೆತ. ಅವನು ನಿಂತರೆ ಅದೂ ನಿಲ್ಲುತ್ತಿತ್ತು, ದಾಟಿ ಹೋಗುತ್ತಿರಲಿಲ್ಲ. ಬೆನ್ನಿನ ಮೇಲೆ ಅವಳ ನೋಟವಿದೆಯೋ ಇಲ್ಲವೋ ಗೊತ್ತಾಗಲಿಲ್ಲ. ತನ್ನ ಅಂಗಿ ಹಿಂದೆ ಹೇಗೆ ಕಾಣುತ್ತಿರಬಹುದು, ಮೊಣಕಾಲು ಎಷ್ಟು ಹೊರಳುತ್ತಿರಬಹುದು, ಬೋಳಾಗುತ್ತಿರುವ ನೆತ್ತಿ. ಸಮನಾಗಿ ನಡೆಯಲು ಪ್ರಯತ್ನಿಸಿದ, ನೋವು ಹೆಚ್ಚಾಯಿತು. ಏನಾದರೂ ಮಾತಾಡಬೇಕೆಂದು ಬಾಯಿ ತೆರೆದಾಗ ಬಂದದ್ದು, 'ಮನಿಗೆ ಹೋಗಿ ಬಿಸಿ ನೀರಾಗ ಉಪ್ಪ ಹಾಕಿ ಕಾಲ ಇಡು.' ಹೆಜ್ಜೆ ಮಾತ್ರ ಬಂತು.

ಫಾಲ್ಸಿನ ಸದ್ದು ಸಣ್ಣಗೆ ಕೇಳತೊಡಗಿದ ಹೊತ್ತಿಗೆ ದಾರಿ ಮತ್ತೆ ಕವಲಾಯಿತು. ಒಂದು ನೇರ ಸೇತುವೆಗೆ, ಇನ್ನೊಂದು ಹಳೆಯ ಗಿರಣಿಯ ಮನೆಗಳ ಹಿಂದೆ ಸುತ್ತಿ ಎಲ್ಲಿಗೋ. ದಾರಿ ಗೊತ್ತಿಲ್ಲದ ಓಟಗಾರರೂ ತಪ್ಪಬಾರದೆಂದು ಇಲ್ಲಿ ಪಟ್ಟಿಯನ್ನು ದೊಡ್ಡದಾಗಿ, ಕಣ್ಣಿನ ಎತ್ತರಕ್ಕೆ ಕಟ್ಟಿದ್ದರು. ಗುರುಪಾದ ಅದರ ಮುಂದೆ ನಿಂತ. ಹಿಂದಿನ ಹೆಜ್ಜೆಯೂ ನಿಂತಿತು. ಅವನು ಕೈ ಎತ್ತಿ, ಇಳಿಸಿ, ಪಟ್ಟಿಯನ್ನು ಹಾಗೇ ಬಿಟ್ಟು ಮುಂದೆ ನಡೆದ. ಒಂದೂ ಬಿಡಬಾರದೆಂಬ ನಿಯಮವನ್ನು ಅವನು ಮುರಿದದ್ದು ಇದೇ ಮೊದಲು. ಅವಳಿಗಾಗಿ. ಅವಳು ಅದನ್ನು ನೋಡುತ್ತಾಳೆ, ಏನೆಂದು ತಿಳಿಯುತ್ತಾಳೆ. ಎದೆಯಲ್ಲಿ ಬೆಚ್ಚನೆಯ, ಹತ್ತಿರತ್ತಿರ ಅಳುವಿನಂಥದ್ದೊಂದು ಏರಿತು. ಇಡೀ ದಿನದಲ್ಲಿ ತಾನು ಮಾಡಿದ ಒಳ್ಳೆಯದು ಇದೊಂದೇ, ಇದೊಂದು ಸಾಕಾಗಬಹುದು ಎಂದು ಅವನು ನಿಜವಾಗಿಯೂ ನಂಬಿದ. ನಡಿಗೆ ಹಗುರಾಯಿತು.

ಹಿಂದೆ ಅರಿವೆ ಎಳೆಯುವ ಸದ್ದಾಯಿತು. ಗಂಟು ಬಿಗಿಯಾಗಿದ್ದಿರಬೇಕು, ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಗಟ್ಟಿ ಹೆಜ್ಜೆ, ಎಳೆಯುವ ಹೆಜ್ಜೆ. ಅವಳು ಅವನ ಪಕ್ಕಕ್ಕೆ ಬಂದಳು. ಮನೆಯಿಂದ ಹೊರಡುವಾಗ ಅವನು ಮರೆತ ಕನ್ನಡಕವನ್ನೋ ಕರವಸ್ತ್ರವನ್ನೋ ಬಾಗಿಲ ತನಕ ತಂದುಕೊಡುವ ಅದೇ ಮುಖದಿಂದ, ಮಡಚಿದ ಹಳದಿ ಪಟ್ಟಿಯನ್ನು ಅವನ ಅಂಗೈಯಲ್ಲಿಟ್ಟಳು.

'ಇದೊಂದ ಬಿಟ್ಟಿದ್ರಿ' ಎಂದಳು.

ಅವನು ಅವಳು ಮುಂದೆ ಹೋಗಲೆಂದು ಅಂಚಿಗೆ ಸರಿದ. ಅವಳು ಹೋಗಲಿಲ್ಲ. ಎರಡು ಹೆಜ್ಜೆ ಹಿಂದಕ್ಕೆ ಹೋಗಿ ನಿಂತಳು.

'ನಡೀರಿ ಮುಂದ. ನಾ ನಿಮ್ಮ ಹಿಂದ ಬರ್ತೇನಿ.'